‘ಅಥಾರಿಟೇಟಿವ್’ ಪದವನ್ನು ತಪ್ಪಿಲ್ಲದೆ ಬಳಸುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ತಿದ್ದಿಕೊಡಿ ಎಂದು ನನ್ನ ಮೇಜಿಗೆ ಬಂದ ಶಿಫಾರಸು ಪತ್ರವೊಂದರಲ್ಲಿ ಅಧ್ಯಾಪಕಿಯೊಬ್ಬರ ಬೋಧನೆಯನ್ನು ‘ಅಥಾರಿಟೇರಿಯನ್’ ಎಂದು ಹೊಗಳಲಾಗಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ‘ವಿಷಯದ ಮೇಲೆ ಗಟ್ಟಿ ಹಿಡಿತವುಳ್ಳ’ ಎಂಬ ಮಾತು. ಕಾಗದಕ್ಕೆ ಇಳಿದದ್ದು ‘ಯಾರಿಗೂ ಬಾಯಿ ತೆರೆಯಲು ಬಿಡದ’ ಎಂಬ ದೂರು. ಕಂಪ್ಯೂಟರ್ ಅದರ ಕೆಳಗೆ ಕೆಂಪು ಗೆರೆ ಎಳೆದಿರಲಿಲ್ಲ. ಎಳೆಯುವುದೂ ಇಲ್ಲ, ಏಕೆಂದರೆ ಕಾಗುಣಿತ ಸರಿಯಾಗಿಯೇ ಇತ್ತು.

‘ಅಥಾರಿಟೇಟಿವ್’ (authoritative) ಮತ್ತು ‘ಅಥಾರಿಟೇರಿಯನ್’ (authoritarian) ಎರಡಕ್ಕೂ ಇಂಗ್ಲಿಷಿನಲ್ಲಿ ತಲಾ 13 ಅಕ್ಷರಗಳು. ಮೊದಲ ಒಂಬತ್ತು ಒಂದೇ. ವ್ಯತ್ಯಾಸವೆಲ್ಲ ಕೊನೆಯ ನಾಲ್ಕರಲ್ಲಿ. ಆದರೆ ಕಣ್ತಪ್ಪಿಗಿಂತ ದೊಡ್ಡ ಕಾರಣ ಬೇರೆಯೇ ಇದೆ, ಅದು ನಮ್ಮ ಕಡೆಯದು: ‘ಅಧಿಕೃತ’ ಎಂಬ ಒಂದೇ ಕನ್ನಡ ಪದವನ್ನು ನಾವು ಇಂಗ್ಲಿಷಿನ ಮೂರು ನಾಲ್ಕು ಬೇರೆ ಬೇರೆ ಪದಗಳ ಮೇಲೆ ಹೊದಿಸುತ್ತೇವೆ. ಹೊದಿಕೆ ಒಂದೇ ಆದ್ದರಿಂದ ಒಳಗಿರುವವೂ ಒಂದೇ ಎಂದುಕೊಳ್ಳುತ್ತೇವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕನ್ನಡ ಅರ್ಥ ಆರನೆಯ ಹಂತದಲ್ಲಿ ಬರುತ್ತದೆ. ಅವಸರ ಮಾಡಿ ಅಲ್ಲಿಗೆ ಹಾರಬೇಡಿ. ಅನುಕ್ರಮ ಕೆಟ್ಟರೆ ಕೆಲಸವೂ ಕೆಡುತ್ತದೆ.

ಬೇಕಾದ ಸಲಕರಣೆಗಳು

ಇಂಗ್ಲಿಷ್ ಕಲಿಯುವವರಿಗೆಂದೇ ಸಿದ್ಧಪಡಿಸಿದ ಒಂದು ಇಂಗ್ಲಿಷ್–ಇಂಗ್ಲಿಷ್ ನಿಘಂಟು, ಒಂದು ಪೆನ್ಸಿಲ್, ನೀವು ಬರೆದಿರುವ ಅಥವಾ ಓದುತ್ತಿರುವ ವಾಕ್ಯ. ಇಷ್ಟು ಸಾಕು. ನಿಘಂಟು ಮೊಬೈಲಿನದಾದರೂ ಆದೀತು, ಆದರೆ ಅರ್ಥದ ಜೊತೆಗೆ ಉದಾಹರಣೆ ವಾಕ್ಯಗಳಿರಬೇಕು. ಬರೀ ಸಮಾನಾರ್ಥಕ ಪದಗಳ ಪಟ್ಟಿ ಈ ಕೆಲಸಕ್ಕೆ ಬಾರದು; ಅಂಥ ಪಟ್ಟಿಯಿಂದಲೇ ಅರ್ಧಕ್ಕರ್ಧ ತಪ್ಪುಗಳು ಹುಟ್ಟುವುದನ್ನು ನಾನು ನೋಡಿದ್ದೇನೆ. ಇಂಗ್ಲಿಷ್–ಕನ್ನಡ ನಿಘಂಟನ್ನು ಸದ್ಯಕ್ಕೆ ಮುಚ್ಚಿಡಿ.

ಹಂತ 1: ವಿಶೇಷಣವನ್ನು ಬಿಟ್ಟು ನಾಮಪದಕ್ಕೆ ಗೆರೆ ಎಳೆಯಿರಿ

‘ಅಥಾರಿಟೇಟಿವ್’ ವಿಶೇಷಣ. ಅದು ಯಾವ ನಾಮಪದಕ್ಕೆ ಅಂಟಿಕೊಂಡಿದೆಯೋ ಅರ್ಥವೂ ಅಲ್ಲಿಂದಲೇ ಸಿಗುತ್ತದೆ. ಪೆನ್ಸಿಲಿನಿಂದ ಆ ನಾಮಪದದ ಕೆಳಗೆ ಗೆರೆ ಎಳೆಯಿರಿ. ಅದು ಸಾಮಾನ್ಯವಾಗಿ ಈ ಮೂರು ಗುಂಪುಗಳಲ್ಲಿ ಒಂದಕ್ಕೆ ಸೇರಿರುತ್ತದೆ.

ಮೊದಲನೆಯದು ಬರಹ ಮತ್ತು ಮಾಹಿತಿಯ ಗುಂಪು: ಸೋರ್ಸ್, ಟೆಕ್ಸ್ಟ್, ಗೈಡ್, ಸ್ಟಡಿ, ಎಡಿಷನ್, ಅಕೌಂಟ್. ಇಲ್ಲಿ ‘ಅಕೌಂಟ್’ ಎಂದರೆ ಬ್ಯಾಂಕಿನ ಖಾತೆಯಲ್ಲ, ನಡೆದ ಸಂಗತಿಯ ನಿರೂಪಣೆ. ಈ ಗುಂಪಿನ ಮುಂದೆ ‘ಅಥಾರಿಟೇಟಿವ್’ ಬಂದರೆ ‘ನಿಖರವಾದದ್ದು, ನಂಬಿ ನೆಚ್ಚಬಹುದಾದದ್ದು’ ಎಂದು ಅರ್ಥ.

ಎರಡನೆಯದು ದನಿ ಮತ್ತು ಹಾವಭಾವದ ಗುಂಪು: ವಾಯ್ಸ್, ಟೋನ್, ಮ್ಯಾನರ್. ಇಲ್ಲಿ ಅರ್ಥ ‘ಆತ್ಮವಿಶ್ವಾಸವುಳ್ಳ, ಕೇಳಿದವರು ತಾವಾಗಿಯೇ ಗೌರವಿಸುವಂಥ’ ಎಂದಾಗುತ್ತದೆ.

ಮೂರನೆಯದು ಆದೇಶ ಮತ್ತು ತೀರ್ಮಾನದ ಗುಂಪು: ರೂಲಿಂಗ್, ಡೈರೆಕ್ಟಿವ್, ಇಂಟರ್‌ಪ್ರಿಟೇಷನ್. ಇಲ್ಲಿ ಅರ್ಥ ‘ಹಕ್ಕುಳ್ಳ ಸಂಸ್ಥೆಯಿಂದ ಹೊರಟದ್ದು, ಆದ್ದರಿಂದ ಪಾಲಿಸಬೇಕಾದದ್ದು’.

ಗೆರೆ ಎಳೆದ ಪದ ರೆಜೀಮ್, ಸ್ಟೇಟ್, ರೂಲ್ ಎಂಬಂಥದ್ದಾಗಿದ್ದರೆ ಅಲ್ಲೇ ನಿಲ್ಲಿ. ಅವುಗಳ ಜೊತೆ ಬರುವುದು ಬಹುಮಟ್ಟಿಗೆ ‘ಅಥಾರಿಟೇರಿಯನ್’. ನೇರವಾಗಿ ಮೂರನೆಯ ಹಂತಕ್ಕೆ ಹೋಗಿ.

ಹಂತ 2: ಅಧಿಕಾರ ಎಲ್ಲಿಂದ ಬಂತು ಎಂದು ಕೇಳಿ

ನಾಮಪದ ಸಿಕ್ಕಿದ ಮೇಲೆ ಒಂದೇ ಪ್ರಶ್ನೆ: ಈ ಮಾತಿಗೆ ಬೆಲೆ ಬಂದದ್ದು ತಿಳಿವಳಿಕೆಯಿಂದಲೇ, ನಿಲುವಿನಿಂದಲೇ, ಹುದ್ದೆಯಿಂದಲೇ?

ಕನ್ನಡದ ‘ಅಧಿಕಾರ’ ಎಂಬ ಪದದಲ್ಲೇ ಈ ಕವಲುಗಳಿವೆ. ‘ಆ ವಿಷಯದಲ್ಲಿ ಅವರು ಅಧಿಕಾರವಾಣಿಯಿಂದ ಮಾತನಾಡಬಲ್ಲರು’ ಎನ್ನುವಾಗ ನಾವು ವಿದ್ವತ್ತನ್ನು ಗೌರವಿಸುತ್ತಿರುತ್ತೇವೆ. ‘ಅಧಿಕಾರ ಚಲಾಯಿಸುತ್ತಾನೆ’ ಎನ್ನುವಾಗ ಮುಖ ಸಿಂಡರಿಸಿರುತ್ತೇವೆ. ಮೊದಲನೆಯ ವಾಕ್ಯದ ಅಧಿಕಾರ ‘ಅಥಾರಿಟೇಟಿವ್’ ಕಡೆಗೆ ಹೋಗುತ್ತದೆ, ಎರಡನೆಯದು ಸಾಮಾನ್ಯವಾಗಿ ಹೋಗುವುದಿಲ್ಲ.

ಇಲ್ಲಿ ಮೇಲಿಂದ ಮೇಲೆ ಆಗುವ ತಪ್ಪು ಒಂದಿದೆ. ಹುದ್ದೆಯಲ್ಲಿರುವವರು ಹೇಳಿದ್ದೆಲ್ಲವೂ ‘ಅಥಾರಿಟೇಟಿವ್’ ಎಂದು ಭಾವಿಸುವುದು. ಇಲಾಖೆಯೊಂದರ ಮುಖ್ಯಸ್ಥರು ಹವಾಮಾನದ ಬಗ್ಗೆ ಹರಟೆಯಲ್ಲಿ ಏನೋ ಹೇಳಿದರೆ ಅದು ಹವಾಮಾನದ ಬಗ್ಗೆ ‘ಅಥಾರಿಟೇಟಿವ್’ ಹೇಳಿಕೆಯಾಗದು. ಹುದ್ದೆಯೇನೋ ಇದೆ, ಆದರೆ ಆ ವಿಷಯದ ತಿಳಿವಳಿಕೆ ಇಲ್ಲ, ಹೇಳಿಕೆಗೆ ಹುದ್ದೆಯ ಬಲವೂ ಇಲ್ಲ.

ಹಂತ 3: ಅದು ‘ಅಥಾರಿಟೇರಿಯನ್’ ಅಲ್ಲವೆಂದು ಖಚಿತಪಡಿಸಿಕೊಳ್ಳಿ

ಹೆಚ್ಚಿನವರು ಜಾರುವ ಜಾಗ ಇದು, ಹಾಗಾಗಿ ಸ್ವಲ್ಪ ಹೊತ್ತು ಇಲ್ಲಿ ನಿಲ್ಲೋಣ.

ಕನ್ನಡದಲ್ಲಿ ‘ಗತ್ತು’ ಎನ್ನುತ್ತೇವೆ, ‘ದರ್ಪ’ ಎಂದೂ ಎನ್ನುತ್ತೇವೆ. ಗತ್ತು ಇರುವವರು ಬಂದರೆ ಸಭೆ ತಾನಾಗಿ ಸುಮ್ಮನಾಗುತ್ತದೆ. ದರ್ಪ ಇರುವವರು ಸಭೆಯನ್ನು ಸುಮ್ಮನಾಗಿಸುತ್ತಾರೆ. ‘ಅಥಾರಿಟೇಟಿವ್’ ಗತ್ತಿನ ಕಡೆಯದು. ‘ಅಥಾರಿಟೇರಿಯನ್’ ದರ್ಪದ ಕಡೆಯದು, ವ್ಯಕ್ತಿಯ ಸ್ವಾತಂತ್ರ್ಯವನ್ನು ಬದಿಗೊತ್ತಿ ವಿಧೇಯತೆಯನ್ನೇ ಬಯಸುವಂಥದ್ದು.

ಎರಡೂ ಪದಗಳು ಅಕ್ಕಪಕ್ಕ ನಿಂತಿರುವುದನ್ನು ನೋಡಬೇಕೆಂದರೆ ಮಕ್ಕಳ ಮನೋವಿಜ್ಞಾನದ ಪುಸ್ತಕ ತೆರೆಯಿರಿ. ಮನೋವಿಜ್ಞಾನಿ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ತಂದೆತಾಯಿಯರ ನಡವಳಿಕೆಯನ್ನು ವರ್ಗೀಕರಿಸುವಾಗ ಒಂದು ಬಗೆಗೆ ‘ಅಥಾರಿಟೇರಿಯನ್’, ಇನ್ನೊಂದಕ್ಕೆ ‘ಅಥಾರಿಟೇಟಿವ್’, ಮೂರನೆಯದಕ್ಕೆ ‘ಪರ್ಮಿಸಿವ್’ ಎಂದು ಹೆಸರಿಟ್ಟರು. ಇಷ್ಟು ಹೋಲುವ ಎರಡು ಹೆಸರುಗಳನ್ನು ಆರಿಸಿದ್ದಕ್ಕೆ ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ಅವರನ್ನು ನೆನೆಯದೆ ಇರಲಾರರು.

ವ್ಯತ್ಯಾಸವನ್ನು ಒಂದು ಮನೆಯ ರಾತ್ರಿಯಲ್ಲಿ ಇಟ್ಟು ನೋಡಿ. ಹತ್ತು ಗಂಟೆಗೆ ಮಗ ದೀಪ ಆರಿಸಬೇಕು. ಒಬ್ಬ ತಾಯಿ ಹೇಳುತ್ತಾಳೆ: ‘ಹತ್ತಕ್ಕೆ ಮಲಗಲೇಬೇಕು ಕಂದಾ, ಇಲ್ಲದಿದ್ದರೆ ಬೆಳಿಗ್ಗೆ ಏಳಲಾಗುವುದಿಲ್ಲ. ನಿನಗೇನಾದರೂ ಹೇಳುವುದಿದ್ದರೆ ಹೇಳು.’ ಮಗ ವಾದ ಹೂಡುತ್ತಾನೆ, ಅವಳು ಪೂರ್ತಿ ಕೇಳಿಸಿಕೊಳ್ಳುತ್ತಾಳೆ, ಬಳಿಕವೂ ದೀಪ ಹತ್ತಕ್ಕೇ ಆರುತ್ತದೆ. ಇನ್ನೊಬ್ಬ ತಾಯಿ ಹೇಳುತ್ತಾಳೆ: ‘ಏಕೆ ಏನು ಎಂದು ಕೇಳಬೇಡ. ನಾನು ಹೇಳಿದೆನಲ್ಲ, ಅಷ್ಟೇ.’ ಎರಡೂ ಮನೆಯಲ್ಲಿ ದೀಪ ಆರಿದ್ದು ಒಂದೇ ಹೊತ್ತಿಗೆ. ಮೊದಲ ಮನೆಯದು ‘ಅಥಾರಿಟೇಟಿವ್’, ಎರಡನೆಯದು ‘ಅಥಾರಿಟೇರಿಯನ್’. ಎರಡರಲ್ಲೂ ಶಿಸ್ತಿದೆ ಎಂಬುದನ್ನು ಗಮನಿಸಿ. ‘ಅಥಾರಿಟೇಟಿವ್’ ಎಂದರೆ ಮೆದು ಎಂದು ತಿಳಿಯುವುದೂ ತಪ್ಪೇ. ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ಮೂರನೆಯ ಮನೆಯೇ ‘ಪರ್ಮಿಸಿವ್’.

ಇದರಿಂದ ಸಿಗುವ ಪರೀಕ್ಷೆ ಸರಳ: ಆ ಅಧಿಕಾರದ ಮುಂದೆ ನಿಂತು ‘ಏಕೆ?’ ಎಂದು ಕೇಳಲು ಜಾಗ ಇದೆಯೇ? ಜಾಗವೇ ಇಲ್ಲವೆಂದರೆ ‘ಅಥಾರಿಟೇರಿಯನ್’ ಎಂದು ಶಂಕಿಸಿ. ಆದರೆ ಈ ಪರೀಕ್ಷೆ ಮನುಷ್ಯರಿಗೆ ಮತ್ತು ಆಡಳಿತಕ್ಕೆ ಮಾತ್ರ. ಪುಸ್ತಕಕ್ಕೋ ನಕ್ಷೆಗೋ ಇದನ್ನು ಹಚ್ಚಲು ಹೋಗಬೇಡಿ, ಅವು ‘ಅಥಾರಿಟೇರಿಯನ್’ ಆಗುವ ಪ್ರಮೇಯ ಅಪರೂಪ.

ವ್ಯಾಕರಣದ ಒಂದು ಸುಳಿವೂ ಇದೆ. ‘ಅಥಾರಿಟೇರಿಯನ್’ ನಾಮಪದವೂ ಆಗಬಲ್ಲದು: ಅಂಥ ಸ್ವಭಾವದ ಒಬ್ಬ ವ್ಯಕ್ತಿಯನ್ನು ‘ಆ್ಯನ್ ಅಥಾರಿಟೇರಿಯನ್’ ಎನ್ನಬಹುದು. ‘ಅಥಾರಿಟೇಟಿವ್’ ಹೀಗೆ ಒಂಟಿಯಾಗಿ ನಿಲ್ಲುವುದಿಲ್ಲ.

ಹಂತ 4: ಉಳಿದ ನೆರೆಹೊರೆಯವರನ್ನು ಬೇರ್ಪಡಿಸಿ

ಆಥರೈಸ್ಡ್, ಅಫಿಶಿಯಲ್, ಡೆಫಿನಿಟಿವ್, ಅಥೆಂಟಿಕ್. ಒಂದೊಂದರ ವ್ಯಾಖ್ಯೆ ಬಾಯಿಪಾಠ ಮಾಡುವ ಬದಲು ಒಂದೇ ವಸ್ತುವಿನ ಮೇಲೆ ಎಲ್ಲವನ್ನೂ ಪ್ರಯೋಗಿಸಿ ನೋಡಿ. ನಾನು ಜೀವನಚರಿತ್ರೆಯನ್ನು ಆರಿಸಿಕೊಳ್ಳುತ್ತೇನೆ.

ಚರಿತ್ರನಾಯಕರು ಅಥವಾ ಅವರ ಕುಟುಂಬ ಒಪ್ಪಿಗೆ ಕೊಟ್ಟು ಬರೆದದ್ದು ‘ಆಥರೈಸ್ಡ್’ ಜೀವನಚರಿತ್ರೆ. ಅದು ಬರೀ ಅನುಮತಿಯ ಮಾತು. ಸಂಸ್ಥೆಯೋ ಕುಟುಂಬವೋ ತಾನೇ ಮುಂದೆ ನಿಂತು ತನ್ನ ಹೆಸರಿನಲ್ಲಿ ಬರೆಸಿದರೆ ‘ಅಫಿಶಿಯಲ್’. ಅದರ ಬಳಿಕ ಆ ವ್ಯಕ್ತಿಯ ಬಗ್ಗೆ ಇನ್ನೊಂದು ಪುಸ್ತಕದ ಅಗತ್ಯವೇ ಕಾಣದಷ್ಟು ಪೂರ್ಣವಾಗಿದ್ದರೆ ‘ಡೆಫಿನಿಟಿವ್’. ದಾಖಲೆಗಳನ್ನು ಜಾಲಾಡಿ, ಸಾಕ್ಷ್ಯಗಳನ್ನು ತೂಗಿ, ಪರಿಣತರೂ ಒಪ್ಪುವಂತೆ ಬರೆದಿದ್ದರೆ ‘ಅಥಾರಿಟೇಟಿವ್’.

ಈಗ ಸ್ವಾರಸ್ಯ ನೋಡಿ. ಕುಟುಂಬದ ಒಪ್ಪಿಗೆಯಿಂದ ಬಂದ ಪುಸ್ತಕ ಅಹಿತಕರ ಸಂಗತಿಗಳನ್ನೆಲ್ಲ ನುಂಗಿದ್ದರೆ ಅದು ‘ಆಥರೈಸ್ಡ್’ ಹೌದು, ‘ಅಥಾರಿಟೇಟಿವ್’ ಅಲ್ಲ. ಒಪ್ಪಿಗೆಯೇ ಇಲ್ಲದೆ ಬರೆದದ್ದು ‘ಅಥಾರಿಟೇಟಿವ್’ ಆಗಿರಲು ಏನೂ ಅಡ್ಡಿಯಿಲ್ಲ. ಈ ಎರಡನ್ನೂ ಕನ್ನಡದಲ್ಲಿ ‘ಅಧಿಕೃತ ಜೀವನಚರಿತ್ರೆ’ ಎಂದು ಕರೆದರೆ ಓದುಗನಿಗೆ ದಕ್ಕುವುದೇನು?

‘ಡೆಫಿನಿಟಿವ್’ಗೆ ಇನ್ನೊಂದು ಗುರುತಿದೆ. ಕೊನೆಯ ಮಾತು ಒಂದೇ ಇರಬಹುದಾದ್ದರಿಂದ ಅದರ ಹಿಂದೆ ಹೆಚ್ಚಾಗಿ ‘ದಿ’ ಬರುತ್ತದೆ. ‘ಅಥಾರಿಟೇಟಿವ್’ ಗ್ರಂಥಗಳು ಒಂದೇ ವಿಷಯದ ಮೇಲೆ ಹತ್ತು ಇರಬಹುದು.

‘ಅಥೆಂಟಿಕ್’ ಎಂದರೆ ಅಸಲಿ, ನಕಲಿಯಲ್ಲದ್ದು. ಅಸಲಿ ಪತ್ರವೊಂದರ ತುಂಬ ಸುಳ್ಳೇ ಇರಬಹುದು. ಆಗ ಅದು ‘ಅಥೆಂಟಿಕ್’, ಆದರೆ ‘ಅಥಾರಿಟೇಟಿವ್’ ಅಲ್ಲ. ಒಂದು ಅಪವಾದವನ್ನು ನೆನಪಿಡಿ: ಅಂತರರಾಷ್ಟ್ರೀಯ ಒಪ್ಪಂದಗಳ ಭಾಷೆಯಲ್ಲಿ ಈ ಎರಡೂ ತೀರ ಹತ್ತಿರ ಬರುತ್ತವೆ. 1945ರ ವಿಶ್ವಸಂಸ್ಥೆಯ ಸನ್ನದಿನ 111ನೆಯ ವಿಧಿ ಚೀನಿ, ಫ್ರೆಂಚ್, ರಷ್ಯನ್, ಇಂಗ್ಲಿಷ್, ಸ್ಪ್ಯಾನಿಷ್ ಪಾಠಗಳು ಸಮಾನವಾಗಿ ‘ಅಥೆಂಟಿಕ್’ ಎನ್ನುತ್ತದೆ. ಒಪ್ಪಂದಗಳ ಕಾನೂನನ್ನು ಕುರಿತ 1969ರ ವಿಯೆನ್ನಾ ಒಡಂಬಡಿಕೆಯ 33ನೆಯ ವಿಧಿ ಇಂಥದ್ದೇ ಸಂದರ್ಭದಲ್ಲಿ ಪ್ರತಿ ಭಾಷೆಯ ಪಾಠವೂ ಸಮಾನವಾಗಿ ‘ಅಥಾರಿಟೇಟಿವ್’ ಎನ್ನುತ್ತದೆ. ಎರಡು ಕಡೆಯೂ ತಾತ್ಪರ್ಯ ಒಂದೇ: ವಿವಾದ ಬಂದರೆ ಇದು ಮೂಲ, ಅದು ಬರೀ ಅನುವಾದ ಎಂದು ಯಾರೂ ತಳ್ಳಿಹಾಕುವಂತಿಲ್ಲ.

ಹಂತ 5: ವಾಕ್ಯದಲ್ಲಿ ಕೂರಿಸಿ

ಪದ ನಿಕ್ಕಿಯಾಯಿತು. ಈಗ ಜೋಡಣೆ.

ಸ್ವರದಿಂದ ಶುರುವಾಗುವ ಪದವಾದ್ದರಿಂದ ಹಿಂದೆ ‘ಎ’ ಬಾರದು, ‘ಆ್ಯನ್’ ಬರಬೇಕು. ವಿಷಯವನ್ನು ಹೇಳುವಾಗ ‘ಆನ್’ ಸೇರಿಸಿ: ಹಕ್ಕಿಗಳ ವಲಸೆಯ ಬಗ್ಗೆ ನೆಚ್ಚಬಹುದಾದ ಪುಸ್ತಕ ‘ಅಥಾರಿಟೇಟಿವ್ ಆನ್’ ಹಕ್ಕಿಗಳ ವಲಸೆ. ಕ್ರಿಯೆಯನ್ನು ಬಣ್ಣಿಸಬೇಕಾದರೆ ‘ಅಥಾರಿಟೇಟಿವ್ಲಿ’. ಹೋಲಿಸಲು ‘ಮೋರ್’, ‘ಮೋಸ್ಟ್’. ನಂಬಿಕೆ ಮತ್ತು ದನಿಯ ಅರ್ಥಗಳಲ್ಲಿ ‘ವೆರಿ’ ಕೂಡ ನಡೆಯುತ್ತದೆ. ಆದೇಶದ ಅರ್ಥದಲ್ಲಿ ‘ವೆರಿ’ ಹಾಕಿದರೆ ಕಿವಿಗೆ ಕಲ್ಲು ಕಚ್ಚಿದಂತಾಗುತ್ತದೆ, ಏಕೆಂದರೆ ತೀರ್ಪು ಬದ್ಧವಾಗಿರುತ್ತದೆ ಅಥವಾ ಇರುವುದಿಲ್ಲ, ಬಹಳ ಬದ್ಧ ಎಂಬುದಿಲ್ಲ.

ವ್ಯಕ್ತಿಯ ಮುಂದೆ ನೇರವಾಗಿ ಇದನ್ನು ಹಾಕುವಾಗ ಕೈ ತಡೆಯಿರಿ. ‘ಅವರು ಅಥಾರಿಟೇಟಿವ್’ ಎಂದು ಬರೆದರೆ ಪಾಂಡಿತ್ಯವೋ ಗತ್ತೋ ಎಂಬುದು ತಿಳಿಯುವುದಿಲ್ಲ. ಪಾಂಡಿತ್ಯವಾದರೆ ‘ಆ್ಯನ್ ಅಥಾರಿಟಿ ಆನ್’ ಎಂದು ಬರೆದು ವಿಷಯ ಹೆಸರಿಸುವುದೇ ಇಂಗ್ಲಿಷಿನ ರೂಢಿ. ಮೊದಲು ಹೇಳಿದ ಶಿಫಾರಸು ಪತ್ರವನ್ನು ನಾನು ತಿದ್ದಿದ್ದೂ ಹೀಗೆಯೇ. ಬಾಲ ಬದಲಿಸಿ ‘ಅಥಾರಿಟೇಟಿವ್’ ಮಾಡಿದರೆ ಅಪಾಯ ತಪ್ಪುತ್ತಿತ್ತು, ಅಸ್ಪಷ್ಟತೆ ಉಳಿಯುತ್ತಿತ್ತು. ಆದ್ದರಿಂದ ವಿಶೇಷಣವನ್ನೇ ಕಿತ್ತುಹಾಕಿ, ಆ ಅಧ್ಯಾಪಕಿ ತಮ್ಮ ವಿಷಯದಲ್ಲಿ ‘ಸ್ಪೀಕ್ಸ್ ವಿತ್ ಅಥಾರಿಟಿ’ ಎಂದು ಬರೆದೆ.

‘ಅಥಾರಿಟಿ ಫಿಗರ್’ ಎಂಬುದು ಬೇರೆಯೇ ಮಾತು. ತಂದೆ, ಶಿಕ್ಷಕ, ಪೊಲೀಸ್ ಅಧಿಕಾರಿ ಹೀಗೆ ಸ್ಥಾನದ ಬಲವುಳ್ಳವರೆಲ್ಲ ಅದರಲ್ಲಿ ಬರುತ್ತಾರೆ. ಅವರ ದನಿಯಲ್ಲಿ ಗತ್ತು ಇರಲೇಬೇಕೆಂದಿಲ್ಲ.

ಹಂತ 6: ಈಗ ಕನ್ನಡಕ್ಕೆ ತನ್ನಿ

ಮುಚ್ಚಿಟ್ಟ ನಿಘಂಟನ್ನು ತೆರೆಯಬಹುದು. ಬರಹದ ಗುಂಪಿಗೆ ‘ಪ್ರಮಾಣಭೂತ’ ಅತ್ಯುತ್ತಮ. ಸಾಮಾನ್ಯ ಓದುಗರಿಗಾದರೆ ‘ನಂಬಲರ್ಹ’. ಪುಸ್ತಕವಾದರೆ ಎರಡೂ ಬಿಟ್ಟು ‘ಆಧಾರಗ್ರಂಥ’ ಎಂದರೆ ಸಾಕು. ದನಿಯ ಗುಂಪಿಗೆ ‘ಗತ್ತಿನ’, ‘ಅಧಿಕಾರವಾಣಿಯ’. ಆದೇಶದ ಗುಂಪಿಗೆ ‘ಪಾಲಿಸಲೇಬೇಕಾದ’ ಅಥವಾ ‘ಬದ್ಧ’. ‘ಅಥಾರಿಟೇರಿಯನ್’ ಆಡಳಿತಕ್ಕೆ ‘ನಿರಂಕುಶ’, ಮನುಷ್ಯನಿಗೆ ‘ದಬ್ಬಾಳಿಕೆಯ’. ‘ಅಧಿಕೃತ’ ಪದವನ್ನು ‘ಅಫಿಶಿಯಲ್’ ಮತ್ತು ‘ಆಥರೈಸ್ಡ್’ಗೆ ಮೀಸಲಿಡಿ, ಈ ಒಂದು ಶಿಸ್ತನ್ನು ಪಾಲಿಸಿದರೆ ಗೊಂದಲ ಬಹಳ ಕಡಿಮೆಯಾಗುತ್ತದೆ.

ಅನುವಾದ ಮುಗಿದ ಮೇಲೆ ಮೂಲವನ್ನು ಮರೆಮಾಡಿ, ನಿಮ್ಮ ಕನ್ನಡ ವಾಕ್ಯವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ. ‘ಅಫಿಶಿಯಲ್’ ಎಂದು ಬಾಯಿಗೆ ಬಂದರೆ ಕನ್ನಡ ಪದ ತಪ್ಪಿದೆ.

ಕಂಪ್ಯೂಟರ್ ಜಾಲದಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ. ಜಾಲತಾಣದ ಹೆಸರಿಗೆ ಯಾವ ವಿಳಾಸವಿದೆ ಎಂದು ‘ಎನ್‌ಎಸ್‌ಲುಕಪ್’ ಆದೇಶದಿಂದ ಕೇಳಿದಾಗ ಪರದೆಯ ಮೇಲೆ ಬಹಳ ಸಲ ‘ನಾನ್-ಅಥಾರಿಟೇಟಿವ್ ಆನ್ಸರ್’ ಎಂದು ಬರುತ್ತದೆ. ‘ನಂಬಲಾಗದ ಉತ್ತರ’ ಎಂದು ಓದಿಕೊಂಡು ಗಾಬರಿಯಾಗುವವರಿದ್ದಾರೆ. ಅದರ ಅರ್ಥ ಅಷ್ಟು ಭಯಂಕರವಲ್ಲ. ಆ ಹೆಸರಿನ ಮೂಲ ದಾಖಲೆಯ ಹೊಣೆ ಹೊತ್ತ ಸರ್ವರ್ ಕೊಟ್ಟ ಉತ್ತರ ಇದಲ್ಲ. ಮಧ್ಯದ ಸರ್ವರೊಂದು ಹಿಂದೆ ಕೇಳಿ ನೆನಪಿಟ್ಟುಕೊಂಡದ್ದನ್ನು ಒಪ್ಪಿಸುತ್ತಿದೆ, ಅಷ್ಟೇ. ಉತ್ತರ ಸರಿಯಾಗಿರಬಹುದು, ಸ್ವಲ್ಪ ಹಳತೂ ಆಗಿರಬಹುದು. ಇಲ್ಲಿ ‘ಪ್ರಮಾಣಭೂತ’ ಎಂದು ಅನುವಾದಿಸುವ ಬದಲು ‘ಮೂಲ ಸರ್ವರಿನಿಂದ ಬಾರದ ಉತ್ತರ’ ಎಂದು ಬಿಡಿಸಿ ಹೇಳಿ.

ಹಂತ 7: ಕಾಗುಣಿತ ಮತ್ತು ಉಚ್ಚಾರ

ತಪ್ಪು ನಡೆಯುವುದು ಪದದ ಹೊಟ್ಟೆಯಲ್ಲಿ. ‘ಐ’ ಮತ್ತು ‘ಟಿ’ ಎರಡನ್ನೂ ನುಂಗಿ ‘ಅಥಾರೆಟಿವ್’ ಎನ್ನುವಂತೆ ಬರೆದುಬಿಡುತ್ತಾರೆ. ಚಪ್ಪಾಳೆ ತಟ್ಟಿ ಎಣಿಸಿ: ಅ–ಥಾ–ರಿ–ಟೇ–ಟಿವ್, ಐದು ಪೆಟ್ಟು. ನಾಲ್ಕೇ ಬಂದರೆ ಏನೋ ಬಿಟ್ಟಿದ್ದೀರಿ. ಕಾಗದದ ಮೇಲಾದರೆ ‘ಟಿ’ ಅಕ್ಷರ ಮೂರು ಸಲ ಬಂದಿದೆಯೇ ನೋಡಿ.

ಒತ್ತು ಎರಡನೆಯ ಪೆಟ್ಟಿನ ಮೇಲೆ, ಅಂದರೆ ‘ಥಾ’ ಮೇಲೆ. ನಾಲ್ಕನೆಯದನ್ನು ಅಮೆರಿಕದವರು ‘ಟೇ’ ಎಂದು ಎಳೆಯುತ್ತಾರೆ, ಬ್ರಿಟಿಷರು ‘ಟ’ ಎಂದು ತೇಲಿಸುತ್ತಾರೆ, ಎರಡೂ ಸರಿ. ‘ಅಥಾರಿಟೇರಿಯನ್’ನಲ್ಲಿ ಮುಖ್ಯ ಒತ್ತು ‘ಟೇ’ಗೆ ಜಾರುತ್ತದೆ.

ಅಪಾಯದ ಸೂಚನೆಗಳು

ಹೊಗಳಿಕೆಯ ವಾಕ್ಯದಲ್ಲಿ ‘ಅಥಾರಿಟೇರಿಯನ್’ ಕಂಡರೆ ತಕ್ಷಣ ನಿಲ್ಲಿ. ಸರ್ಕಾರವನ್ನೋ ಮೇಲಧಿಕಾರಿಯನ್ನೋ ದೂರುವ ವಾಕ್ಯದಲ್ಲಿ ‘ಅಥಾರಿಟೇಟಿವ್’ ಕಂಡರೂ ಹಾಗೆಯೇ. ಅನುಮತಿ, ಪರವಾನಗಿ, ಸಹಿ, ಮಾರಾಟ ಎಂಬ ಮಾತುಗಳು ಸುತ್ತ ಇದ್ದರೆ ನಿಮಗೆ ಬೇಕಾಗಿರುವುದು ಬಹುಶಃ ‘ಆಥರೈಸ್ಡ್’. ಒಂದೇ ಪುಟದಲ್ಲಿ ‘ಅಥಾರಿಟೇಟಿವ್’ ಮೂರು ಸಲ ಬಂದಿದ್ದರೆ, ಆಧಾರ ಕೊಡಬೇಕಾದ ಕಡೆ ನೀವು ವಿಶೇಷಣ ಕೊಟ್ಟು ಜಾರಿಕೊಳ್ಳುತ್ತಿರಬಹುದು. ಎರಡನ್ನು ಅಳಿಸಿ, ಆ ಜಾಗದಲ್ಲಿ ಮಾಹಿತಿ ಎಲ್ಲಿಂದ ಬಂತೆಂದು ಬರೆಯಿರಿ.

ಕಳುಹಿಸುವ ಮುನ್ನ ಕಡತದ ಹುಡುಕು ಪೆಟ್ಟಿಗೆಯಲ್ಲಿ ಆ ಮೊದಲ ಒಂಬತ್ತು ಅಕ್ಷರಗಳನ್ನಷ್ಟೇ ಹಾಕಿ. ಎರಡೂ ಪದಗಳು ಒಟ್ಟಿಗೆ ಸಿಕ್ಕಿಬೀಳುತ್ತವೆ. ಒಂದೊಂದರ ಕೊನೆಯ ನಾಲ್ಕು ಅಕ್ಷರವನ್ನು ಬೆರಳಿಟ್ಟು ಓದಿ, ಆಮೇಲೆ ಕಳುಹಿಸಿ.